ನನ್ನ ನಂಬರಿನ ಮನೆಮಂದಿ

ನನಗೆ ಗಂಡನಿಲ್ಲ, ಮಕ್ಕಳಿಲ್ಲ. ಇರುವವಳು ಒಬ್ಬಳೇ ಅಕ್ಕ. ಆದರೆ ನಮ್ಮ ಕ್ಲಿನಿಕ್ಕಿನ ಕಂಪ್ಯೂಟರನ್ನು ಕೇಳಿದರೆ ನನ್ನದು ನೂರೈವತ್ತು ತಲೆಗಳ ತುಂಬಿದ ಮನೆ. ಅದರಲ್ಲಿ ಹಲ್ಲಿಲ್ಲದ ಮುದುಕರಿದ್ದಾರೆ, ಹಲ್ಲು ಬರುತ್ತಿರುವ ಕೂಸುಗಳಿವೆ, ಏಣಿಯಿಂದ ಬಿದ್ದು ಕಾಲು ಉಳುಕಿಸಿಕೊಂಡ ಒಬ್ಬ ಪೇಂಟರ್ ಇದ್ದಾನೆ. ಒಬ್ಬರಿಗೊಬ್ಬರ ಮುಖಪರಿಚಯವಿಲ್ಲ. ಎಲ್ಲರೂ ನನ್ನ ಫೋನ್ ನಂಬರಿನ ಕೆಳಗೆ ಸಾಲಾಗಿ ಕೂತಿದ್ದಾರೆ, ಕೂರಿಸಿದವಳು ನಾನೇ.

ಕ್ಲಿನಿಕ್ ಅಂದರೆ ಭಾರಿ ಏನೋ ಅಂದುಕೊಳ್ಳಬೇಡಿ. ಸೂಪರ್ ಮಾರ್ಕೆಟ್ಟಿನ ಹಿಂಬದಿಯಲ್ಲಿ, ಶಾಂಪೂ ಸಾಲು ಮುಗಿದು ನಾಯಿ ಬಿಸ್ಕತ್ತಿನ ಸಾಲು ಶುರುವಾಗುವ ಮೂಲೆಯಲ್ಲಿ ಎರಡು ಕೋಣೆ. ಮೊದಲನೆಯದರಲ್ಲಿ ನರ್ಸ್ ನಾನು, ಕಂಪ್ಯೂಟರು, ಬಿ.ಪಿ. ನೋಡುವ ಯಂತ್ರ. ಎರಡನೆಯದರಲ್ಲಿ ಗೋಡೆಗೆ ಹಾಕಿದ ಪರದೆ. ಪರದೆಯಲ್ಲಿ ಡಾಕ್ಟರಮ್ಮ ಬರುತ್ತಾರೆ. ಅವರು ಎಲ್ಲೋ ದೂರದಲ್ಲಿ ಕೂತು ಆರು ಅಂಗಡಿಗಳ ರೋಗಿಗಳನ್ನು ಒಬ್ಬರಾದ ಮೇಲೆ ಒಬ್ಬರಂತೆ ನೋಡುತ್ತಾರೆ. ಅವರು ಬರೆದ ಔಷಧಿಯನ್ನು ಹೊರಗಿನ ಕೌಂಟರಿನಲ್ಲಿ ಕೊಡುವವನನ್ನು ನಾವೆಲ್ಲ ಮಾವ ಅನ್ನುತ್ತೇವೆ. ಯಾರಿಗೆ ಮಾವನೋ ಗೊತ್ತಿಲ್ಲ, ಕೊಂಕು ಮಾತು ಮಾತ್ರ ಅಪ್ಪಟ ಮಾವನದೇ.

ಜನ ಸಾಮಾನಿನ ಬುಟ್ಟಿ ಹಿಡಿದುಕೊಂಡೇ ಬರುತ್ತಾರೆ. ಸೋಪು ತಗೊಂಡ ಹಾಗೆ ಒಂದು ಚೀಟಿಯನ್ನೂ ತಗೊಂಡು ಹೋಗಬೇಕು ಅವರಿಗೆ. ತಡವಾದರೆ ಮುಖ ಗಂಟು. ಮೇಲಿನವರಿಗೂ ಅಷ್ಟೇ. ಬಾಗಿಲ ಮೇಲೊಂದು ಬೋರ್ಡಿದೆ, ಒಬ್ಬ ರೋಗಿಗೆ ಸರಾಸರಿ ಎಷ್ಟು ನಿಮಿಷ ಹಿಡಿಯಿತು ಎಂದು ಅದು ತೋರಿಸುತ್ತದೆ. ಹತ್ತರ ಒಳಗಿದ್ದರೆ ಹಸಿರು, ದಾಟಿದರೆ ಕೆಂಪು. ನನ್ನ ಬೋರ್ಡು ಕೆಂಪಾದದ್ದನ್ನು ಯಾರೂ ನೋಡಿಲ್ಲ. ನನ್ನ ಕೈ ಬಿರುಸು ಎಂದು ಮ್ಯಾನೇಜರು ಮೀಟಿಂಗಿನಲ್ಲಿ ನಾಲ್ಕು ಜನರ ಎದುರು ಹೊಗಳಿದ್ದರು. ನಾನೂ ಉಬ್ಬಿದ್ದೆ, ಸುಳ್ಳು ಯಾಕೆ ಹೇಳಲಿ.

ಆ ಬಿರುಸಿನ ಗುಟ್ಟು ಇಷ್ಟೇ. ರೋಗಿಯ ಫೋನ್ ನಂಬರ್ ಹಾಕದೆ ನಮ್ಮ ಕಂಪ್ಯೂಟರು ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ನಂಬರ್ ಹಾಕಿದರೆ ಆ ಫೋನಿಗೆ ಓಟಿಪಿ ಬರುತ್ತದೆ. ರೋಗಿ ಫೋನು ಹುಡುಕಬೇಕು, ಕನ್ನಡಕ ಹುಡುಕಬೇಕು, ಹಳೇ ಮೆಸೇಜಿನ ಓಟಿಪಿ ಓದಬೇಕು, ಅದು ತಪ್ಪೆಂದು ಕಂಪ್ಯೂಟರು ಮುನಿಸಿಕೊಳ್ಳಬೇಕು, ಮತ್ತೆ ಮೊದಲಿಂದ. ಮೂರು ನಿಮಿಷ ಮಣ್ಣುಪಾಲು. ಒಂದು ದಿನ ತಲೆ ಚಿಟ್ಟು ಹಿಡಿದು ನನ್ನ ನಂಬರನ್ನೇ ಹಾಕಿದೆ. ಓಟಿಪಿ ನನ್ನ ಜೇಬಿನ ಫೋನಿಗೇ ಬಂತು, ಕಣ್ಣುಮುಚ್ಚಿ ತೆರೆಯುವುದರೊಳಗೆ ಕೆಲಸ ಮುಗಿಯಿತು. 'ಮನೆಯ ಸದಸ್ಯರು' ಎಂಬ ಪಟ್ಟಿಯಲ್ಲಿ ಹೊಸ ಹೆಸರು ಸೇರಿಸಿದರಾಯಿತು, ಕಂಪ್ಯೂಟರಿಗೆ ಸಮಾಧಾನ. ಅಂದಿನಿಂದ ಸಾಲು ಉದ್ದವಾದಾಗಲೆಲ್ಲ ಅದೇ ದಾರಿ. "ನಿಮ್ಮ ಮನೆಯವರು ಬಂದ್ರು ನೋಡಮ್ಮ," ಎಂದು ಮಾವ ಕೌಂಟರಿನಿಂದಲೇ ಛೇಡಿಸುತ್ತಿದ್ದ.

ಆ ದಿನ ಮಧ್ಯಾಹ್ನ ಹನ್ನೊಂದು ಜನರ ಸಾಲಿತ್ತು. ಒಂಬತ್ತನೆಯವನು ಬಸ್ ಡ್ರೈವರ್. ಇಸ್ತ್ರಿ ಮಾಡಿದ ಸಮವಸ್ತ್ರ, ಕತ್ತಿಗೆ ಸುತ್ತಿದ ಕರವಸ್ತ್ರ, ಐವತ್ತರ ಆಸುಪಾಸು. ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಬಾಯಿ ತೆರೆದರೆ ಗಾಳಿ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಹೆಸರನ್ನೂ ಹುಟ್ಟಿದ ದಿನವನ್ನೂ ಗುರುತಿನ ಚೀಟಿಯಲ್ಲಿ ತೋರಿಸಿದ. ನಂಬರ್ ಕೇಳುವ ಗೋಜಿಗೇ ನಾನು ಹೋಗಲಿಲ್ಲ. ಮಾತು ಹೊರಡದವನ ಹತ್ತಿರ ಓಟಿಪಿ ಹೇಳಿಸುವುದು ಯಾವ ಕಾಲಕ್ಕೆ? ನನ್ನದೇ ನಂಬರ್ ಹಾಕಿದೆ. ಸಕ್ಕರೆ ಕಾಯಿಲೆ, ಬಿ.ಪಿ., ಯಾವುದಾದರೂ ಔಷಧಿ ಆಗಿಬರಲ್ಲ ಅನ್ನೋದು ಏನಾದರೂ ಇದೆಯಾ ಎಂದು ಒಂದೇ ಉಸಿರಿಗೆ ಕೇಳಿದೆ, ಕಣ್ಣು ಪರದೆಯ ಮೇಲೆ. ಅವನು ತಲೆಯಾಡಿಸಿದ, ಹೌದೆಂದೋ ಇಲ್ಲವೆಂದೋ ನಾನು ನೋಡಲಿಲ್ಲ. ಮೂರಕ್ಕೂ 'ಇಲ್ಲ' ಒತ್ತಿದೆ.

'ಹಳೆಯ ದಾಖಲೆ ಹುಡುಕಲಾಗುತ್ತಿದೆ' ಎಂದು ಪರದೆಯಲ್ಲಿ ಚಕ್ರ ತಿರುಗತೊಡಗಿತು. ಸರಿಯಾದ ನಂಬರಿದ್ದರೆ ಹಳೆಯ ದಾಖಲೆ ತಕ್ಷಣ ಬರುತ್ತದೆ. ಇಲ್ಲದಿದ್ದರೆ ಹೆಸರು, ಹುಟ್ಟಿದ ದಿನ ಹಿಡಿದು ಎಲ್ಲ ಶಾಖೆಗಳಲ್ಲಿ ತಡಕಾಡಬೇಕು, ಅದಕ್ಕೆ ಎಷ್ಟು ಹೊತ್ತೋ. ಕಾಯುವವರು ಯಾರು? 'ಹೊಸ ರೋಗಿ' ಒತ್ತಿ ಡಾಕ್ಟರಮ್ಮನ ಮುಂದೆ ಕೂರಿಸಿದೆ. ಅವರು ಗಂಟಲಿಗೆ ಬೆಳಕು ಬಿಡಿಸಿ ನೋಡಿದರು, ಕೀವಿದೆ ಎಂದರು, ಔಷಧಿ ಆಗಿಬರುತ್ತಲ್ಲ ಎಂದು ನನ್ನನ್ನು ಕೇಳಿದರು, ನಾನು ಆಗಿಬರುತ್ತೆ ಎಂದೆ. ಪೆನ್ಸಿಲಿನ್ ಜಾತಿಯ ಕ್ಯಾಪ್ಸೂಲು ಬರೆದರು. ಊಟವಾದ ಕೂಡಲೇ ಮೊದಲನೆಯದನ್ನು ನುಂಗಿ ಎಂದು ನಾನೇ ಹೇಳಿ ಕಳಿಸಿದೆ. ಡಿಪೋದಲ್ಲಿ ಊಟ, ಮೂರೂವರೆಗೆ ಗಾಡಿ ತೆಗೆಯಬೇಕು ಎಂದು ಅವನು ಗಾಳಿಯಂಥ ಪಿಸುದನಿಯಲ್ಲೇ ಹೇಳಿ ಕೈಮುಗಿದು ಹೋದ. ಎಲ್ಲ ಸೇರಿ ಏಳು ನಿಮಿಷ. ಬೋರ್ಡು ಹಸಿರಾಗಿಯೇ ಇತ್ತು.

ಎರಡೂ ಮುಕ್ಕಾಲಿಗೆ ಸಾಲು ಕರಗಿತ್ತು. ನಾನು ಕೈ ತೊಳೆದುಕೊಂಡು ಬಂದು ನೋಡಿದರೆ ಪರದೆಯ ತಲೆಯ ಮೇಲೆ ಒಂದು ಕೆಂಪು ಪಟ್ಟಿ. ಹುಡುಕಾಟ ಹಿಂದಿನಿಂದ ನಡೆಯುತ್ತಲೇ ಇದ್ದು ಈಗ ಮುಗಿದಿತ್ತು. ಅದೇ ಡ್ರೈವರು, ಎರಡು ವರ್ಷದ ಹಿಂದೆ, ನಮ್ಮದೇ ಇನ್ನೊಂದು ಶಾಖೆ. ಪೆನ್ಸಿಲಿನ್ ತೆಗೆದುಕೊಂಡು ಮುಖ ಊದಿ, ಉಸಿರುನಾಳ ಮುಚ್ಚಿ, ಮೂರು ದಿನ ಆಸ್ಪತ್ರೆಯಲ್ಲಿ. ಕೊನೆಯ ಸಾಲಿನಲ್ಲಿ ಯಾರೋ ಬರೆದಿದ್ದರು: ಮತ್ತೊಮ್ಮೆ ಕೊಟ್ಟರೆ ಜೀವಕ್ಕೆ ಅಪಾಯ.

ಅವನಿಗೆ ಫೋನ್ ಮಾಡಬೇಕು, ಅಷ್ಟೇ ತಲೆಯಲ್ಲಿದ್ದದ್ದು. ಇವತ್ತಿನ ದಾಖಲೆಯ ಮೇಲಿದ್ದ ಫೋನಿನ ಗುರುತನ್ನು ಒತ್ತಿದೆ. ಕ್ಲಿನಿಕ್ಕಿನ ಲೈನಿನಿಂದ ಕರೆ ಹೋಯಿತು. ನನ್ನ ಕೋಟಿನ ಜೇಬು ಗುಂಯ್ ಎಂದಿತು. ಒಂದು ಕ್ಷಣ, ಛೆ, ಇದೇ ಹೊತ್ತಿಗೆ ಯಾರಪ್ಪ ಎಂದು ರೇಗಿಕೊಂಡು ಫೋನು ತೆಗೆದೆ. ಕ್ಲಿನಿಕ್ ಎಂದು ಹೆಸರು ಬರುತ್ತಿತ್ತು. ಆಮೇಲೆ ಅರ್ಥವಾಯಿತು. ಆ ಮನುಷ್ಯನನ್ನು ಮುಟ್ಟುವ ದಾರಿಯನ್ನು ನಾನೇ ನನ್ನ ಕೈಯಾರೆ ಮುಚ್ಚಿದ್ದೆ.

ಹಳೆಯ ದಾಖಲೆಯಲ್ಲಿ ಅವನ ನಂಬರು ಇದ್ದೇ ಇತ್ತು, ಆದರೆ ಕೊನೆಯ ನಾಲ್ಕು ಅಂಕಿ ಬಿಟ್ಟು ಉಳಿದದ್ದೆಲ್ಲ ಚುಕ್ಕಿ. ಬೇರೆ ಶಾಖೆಯ ನಂಬರು ನಮಗೆ ಪೂರ್ತಿ ಕಾಣಿಸುವುದಿಲ್ಲ, ರೋಗಿಯ ಗುಟ್ಟು ಕಾಪಾಡಲು. ಆ ಶಾಖೆಗೆ ಮಾಡಿದ ಕರೆಯನ್ನು ಯಾರೂ ಎತ್ತಲಿಲ್ಲ. ಡಾಕ್ಟರಮ್ಮನನ್ನು ಕರೆದೆ. ಅವರು ಇನ್ನೊಂದು ಅಂಗಡಿಯ ಮಗುವನ್ನು ಅರ್ಧಕ್ಕೆ ಬಿಟ್ಟು ಬಂದು, ಆಂಬುಲೆನ್ಸನ್ನು ಡಿಪೋಗೆ ಕಳಿಸಲು ನಾನು ಹೇಳುತ್ತೇನೆ, ನೀನು ಚುಚ್ಚುಮದ್ದು ತಗೊಂಡು ಓಡು ಎಂದರು. ಮಾವ ಆಗಲೇ ಡಿಪೋದ ನಂಬರು ಹುಡುಕಿ ಕರೆ ಹಚ್ಚಿದ್ದ. ಪಾಸಿಗಾಗಿ ಒಂದು ಒತ್ತಿ, ದೂರಿಗಾಗಿ ಎರಡು ಒತ್ತಿ ಎಂದು ಹೆಂಗಸಿನ ದನಿಯೊಂದು ನಿಧಾನವಾಗಿ ಹೇಳುತ್ತಲೇ ಇತ್ತು. ನರ್ಸಿಲ್ಲದೆ ಕ್ಲಿನಿಕ್ ತೆರೆದಿರಬಾರದೆಂಬುದು ನಿಯಮ. "ಬಾಗಿಲು ಹಾಕ್ತೀನಿ, ನೀ ಹೋಗಮ್ಮ," ಎಂದ ಮಾವ. ಅವನ ಬಾಯಲ್ಲಿ ಕೊಂಕಿಲ್ಲದ ಮಾತು ನಾನು ಕೇಳಿದ್ದು ಅದೇ ಮೊದಲು.

ಇಂಥ ಹೊತ್ತಿಗೆಂದೇ ಇಟ್ಟಿರುವ ಕೆಂಪು ಡಬ್ಬಿಯಿಂದ ಎರಡು ಅಡ್ರಿನಲಿನ್ ಚುಚ್ಚುಮದ್ದು ಜೇಬಿಗೆ ಹಾಕಿಕೊಂಡು ಓಡಿದೆ. ಡಿಪೋ ಎರಡು ಸಿಗ್ನಲ್ ಆಚೆ. ಓಡಿ ಅಭ್ಯಾಸವಿಲ್ಲದ ಕಾಲು, ನರ್ಸಿನ ಚಪ್ಪಲಿ. ಗಾಡಿ ಹಿಡಿಯೋಣವೆಂದರೆ ರಸ್ತೆ ತುಂಬ ನಿಂತ ಗಾಡಿಗಳೇ. ಹೊಟ್ಟೆಯ ಪಕ್ಕ ಹಿಡಿದುಕೊಂಡಿತು. ಊಟ ತಡವಾಗಲಿ, ಇನ್ನೂ ಸಾಲಿನಲ್ಲಿ ನಿಂತಿರಲಿ, ಮಾತ್ರೆ ಮರೆತಿರಲಿ ಎಂದು ಬೇಡುತ್ತ ಓಡಿದೆ. ಹೇಳಿದ ಮಾತು ಕೇಳದ ರೋಗಿಗಳನ್ನು ಕಂಡರೆ ಮೈಯೆಲ್ಲ ಉರಿಯುತ್ತಿದ್ದ ನಾನು, ಇವನೊಬ್ಬ ನನ್ನ ಮಾತು ಕೇಳದೆ ಇದ್ದಿರಲಿ ಎಂದು ಬೇಡುತ್ತಿದ್ದೆ.

ಡಿಪೋ ಗೇಟಿನವನು ಬಿಳಿ ಕೋಟು ನೋಡಿ ಒಳಗೆ ಬಿಟ್ಟ. ಕ್ಯಾಂಟೀನಿನಲ್ಲಿ ತಟ್ಟೆ ಎತ್ತುತ್ತಿದ್ದ ಹೆಂಗಸಿಗೆ ಹೆಸರು ಹೇಳಿದೆ, ಗಂಟಲು ಕಟ್ಟಿದವನು ಎಂದೆ.

"ಊಟ ಮಾಡಿ ಮಾತ್ರೆ ನುಂಗಿ ಆಗ್ಲೇ ಹೋದ್ರಲ್ಲ," ಎಂದಳು ಆಕೆ. "ಯಾರೋ ರಜಾ ಹಾಕಿದ್ರಂತೆ, ಇವ್ರನ್ನ ಬೇಗ ಕಳ್ಸಿದ್ರು."

ಗಡಿಯಾರದಲ್ಲಿ ಮೂರು ಗಂಟೆ ಐದು ನಿಮಿಷ. ಅವನು ಗಾಡಿ ತೆಗೆದು ಹತ್ತು ನಿಮಿಷವಾಗಿತ್ತು. ಒಬ್ಬನ ಜೀವವೆಂದು ಓಡಿಬಂದವಳಿಗೆ ಈಗ ಅವನ ಹಿಂದೆ ಕೂತಿರುವ ನಲವತ್ತು ಜನರೂ ಕಣ್ಣಿಗೆ ಬಂದರು.

ಗಾಡಿಗಳ ಹೊತ್ತು ನೋಡಿಕೊಳ್ಳುವ ಟೈಮ್ ಕೀಪರು ಗಾಜಿನ ಗೂಡಿನಲ್ಲಿ ಕೂತಿದ್ದರು. ದಪ್ಪ ಮನುಷ್ಯ, ನಿವೃತ್ತಿಗೆ ಹತ್ತಿರ. ನಾನು ಏದುಸಿರಿನಲ್ಲಿ ಹೇಳಿದ್ದು ಅವರಿಗೆ ಎಷ್ಟು ತಿಳಿಯಿತೋ, ಮರುಮಾತಾಡದೆ ವೈರ್‌ಲೆಸ್ ಎತ್ತಿಕೊಂಡರು. ಗಾಡಿ ಪಕ್ಕಕ್ಕೆ ಹಾಕು, ನೀನು ನುಂಗಿದ ಮಾತ್ರೆ ನಿನಗೆ ಆಗಿಬರಲ್ಲ, ಕೇಳಿಸ್ತಾ ಎಂದು ಎರಡು ಸಲ ಹೇಳಿದರು. ಆ ಕಡೆಯಿಂದ ಗರಗರ ಸದ್ದು, ನಡುವೆ ಒಂದು ಕೆಮ್ಮು. ಅವನಿಗೆ ದನಿಯೇ ಇಲ್ಲ, ಉತ್ತರ ಕೊಡುವುದು ಹೇಗೆ?

"ಮಾತಾಡ್ಬೇಡ," ಎಂದರು ಟೈಮ್ ಕೀಪರು. "ಕೇಳ್ಸಿದ್ರೆ ಎರಡು ಸಲ ಹಾರ್ನ್ ಹೊಡಿ."

ಒಂದು ಹಾರ್ನ್ ಕೇಳಿಸಿತು. ಇನ್ನೊಂದಕ್ಕೆ ಕಾದೆವು. ಬರಲಿಲ್ಲ. ಅವರ ಮುಂದಿನ ಪರದೆಯಲ್ಲಿ ಬಸ್ಸುಗಳೆಲ್ಲ ಹಸಿರು ಚುಕ್ಕಿಗಳಾಗಿ ಹರಿದಾಡುತ್ತಿದ್ದವು. ಒಂದರ ಮೇಲೆ ಬೆರಳಿಟ್ಟರು. ಅದು ಮಾರುಕಟ್ಟೆಯ ತಿರುವಿನ ಹತ್ತಿರ ಸ್ವಲ್ಪ ಸರಿದು ನಿಂತಿತು. ಮತ್ತೆ ಅಲ್ಲಾಡಲಿಲ್ಲ.

ಅವರ ಬೈಕಿನ ಹಿಂದೆ ಕೂತೆ. ಆ ವಯಸ್ಸಿನ, ಆ ಗಾತ್ರದ ಮನುಷ್ಯ ಹಾಗೆ ಗಾಡಿ ಓಡಿಸುವುದನ್ನು ನಾನು ನೋಡಿಲ್ಲ. ಡಿಪೋಗೆ ಹೊರಟಿದ್ದ ಆಂಬುಲೆನ್ಸನ್ನು ಮಾರುಕಟ್ಟೆಯ ತಿರುವಿಗೆ ತಿರುಗಿಸಿ ಎಂದು ದಾರಿಯಲ್ಲೇ ಫೋನಿನಲ್ಲಿ ಡಾಕ್ಟರಮ್ಮನಿಗೆ ಕೂಗಿ ಹೇಳಿದೆ. ಅವರು ಏನೆಂದರೋ ಗಾಳಿಗೆ ಕೇಳಿಸಲಿಲ್ಲ.

ಬಸ್ಸು ರಸ್ತೆಯ ಅಂಚಿಗೆ ಅಚ್ಚುಕಟ್ಟಾಗಿ ನಿಂತಿತ್ತು. ಹ್ಯಾಂಡ್‌ಬ್ರೇಕ್ ಹಾಕಿತ್ತು, ನಾಲ್ಕೂ ದೀಪ ಮಿನುಗುತ್ತಿದ್ದವು, ಎರಡೂ ಬಾಗಿಲು ತೆರೆದಿದ್ದವು. ಜನ ಇಳಿದು ಗುಂಪುಗೂಡಿದ್ದರು. ಉಸಿರು ಸಿಗದ ಹೊತ್ತಿನಲ್ಲೂ ಅವನು ತನ್ನ ಕೆಲಸದಲ್ಲಿ ಒಂದನ್ನೂ ಬಿಟ್ಟಿರಲಿಲ್ಲ. ಮುಂದಿನ ಚಕ್ರಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದ. ಮಧ್ಯಾಹ್ನ ನೋಡಿದ ಮುಖ ಅದಲ್ಲವೇ ಅಲ್ಲ. ಕಣ್ಣು ಗೀರಿನಷ್ಟಾಗಿದ್ದವು, ತುಟಿ ಊದಿ ಮಗುಚಿಕೊಂಡಿತ್ತು, ಪ್ರತಿ ಉಸಿರಿಗೂ ಸೀಟಿಯಂಥ ಸದ್ದು. ಯಾರೋ ನೀರು ಕುಡಿಸಲು ನೋಡುತ್ತಿದ್ದರು. ಬಾಟಲಿ ಕಿತ್ತು ಎಸೆದೆ.

ಪ್ಯಾಂಟಿನ ಮೇಲಿಂದಲೇ ತೊಡೆಗೆ ಚುಚ್ಚಿ ಹತ್ತು ಎಣಿಸಿದೆ. ಕಾಲು ಸ್ವಲ್ಪ ಎತ್ತಿಸಿ ಒರಗಿಸಿದೆ. ಅವನು ನನ್ನ ಕೋಟಿನ ತೋಳು ಹಿಡಿದುಕೊಂಡ. ಗುರುತು ಸಿಕ್ಕಿತ್ತು ಅವನಿಗೆ. ಆ ಗೀರಿನಂಥ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಸದ್ಯ ಬಂದಿರಲ್ಲ ಎಂಬ ನಿರಾಳ ಇತ್ತು. ಸಿಟ್ಟೇ ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಒಂದು ನಿಮಿಷ ಏನೂ ಆಗಲಿಲ್ಲ. ಎರಡನೇ ನಿಮಿಷಕ್ಕೆ ಸೀಟಿ ಇನ್ನೂ ಸಣ್ಣದಾಯಿತು, ಹಿಡಿದ ಕೈ ಸಡಿಲವಾಯಿತು. ನಾನು ಗಟ್ಟಿಯಾಗಿ ಬೈಯತೊಡಗಿದೆ. ಕಣ್ಣು ಮುಚ್ಚಬೇಡ, ಉಸಿರೆಳಿ, ಕೇಳ್ತಾ ಇದೀಯಾ, ನಾನಿಲ್ಲಿ ಬಿಟ್ಟು ಹೋಗೋಳಲ್ಲ ಎಂದು ಬಾಯಿಗೆ ಬಂದದ್ದೆಲ್ಲ. ಐದು ನಿಮಿಷವಾದದ್ದೇ ಎರಡನೆಯದನ್ನು ಇನ್ನೊಂದು ತೊಡೆಗೆ ಹಾಕಿದೆ. ನನ್ನ ಹತ್ತಿರ ಮೂರನೆಯದು ಇರಲಿಲ್ಲ. ಆಮೇಲೆ, ಎಷ್ಟು ಹೊತ್ತಿಗೋ, ಸೀಟಿಯ ಸದ್ದು ಕೆಮ್ಮಾಗಿ ಒಡೆಯಿತು. ಕೆಮ್ಮಿನ ಹಿಂದೆ ಒಂದು ಪೂರ್ತಿ ಉಸಿರು ಬಂತು. ಆಂಬುಲೆನ್ಸಿನ ಸದ್ದು ನನಗೆ ಕೇಳಿಸಿದ್ದು ಅದಾದ ಮೇಲೆ.

ಆಸ್ಪತ್ರೆಯ ಓಣಿಯಲ್ಲಿ ಕಬ್ಬಿಣದ ಕುರ್ಚಿಯ ಮೇಲೆ ಕೂತಿದ್ದಾಗ ಮ್ಯಾನೇಜರು ಫೋನ್ ಮಾಡಿದರು. ಅಪಾಯ ದಾಟಿತು, ಇವತ್ತು ನಾಳೆ ಇಟ್ಟುಕೊಂಡು ಕಳಿಸುತ್ತಾರೆ ಎಂದೆ. ಅವರು ದೊಡ್ಡ ಉಸಿರು ಬಿಟ್ಟು, ನೀವು ಮಾಡಿದ್ದು ಸಣ್ಣ ಕೆಲಸವಲ್ಲ, ಮೇಲಿನವರಿಗೂ ತಿಳಿಸುತ್ತೇನೆ ಎಂದು ಹೊಗಳಿದರು. ಆಮೇಲೆ ದನಿ ತಗ್ಗಿಸಿದರು.

"ನಂಬರಿನ ವಿಷಯ ಎತ್ತೋದು ಬೇಡ," ಎಂದರು. "ಸಿಸ್ಟಮ್ ನಿಧಾನ ಇತ್ತು, ದಾಖಲೆ ತಡವಾಗಿ ಬಂತು ಅಂತ ಬರೀರಿ. ಅದೇನು ಸುಳ್ಳಲ್ಲವಲ್ಲ."

ಸುಳ್ಳಲ್ಲ, ನಿಜ. ದಾಖಲೆ ತಡವಾಗಿಯೇ ಬಂದಿತ್ತು. ಆ ಮಾತು ನನಗೆ ಹಿತವಾಗಿಯೇ ಕೇಳಿಸಿತು, ಅದನ್ನೂ ಒಪ್ಪಿಕೊಳ್ಳುತ್ತೇನೆ. ಕೆಲಸ ಹೋದರೆ ಅಕ್ಕನ ಮನೆಯ ಮೂಲೆಯೇ ಗತಿ ಎಂದು ಲೆಕ್ಕ ಹಾಕುತ್ತ ಕೂತೆ. ನೋಡೋಣ ಸರ್ ಎಂದು ಫೋನಿಟ್ಟೆ.

ಅಷ್ಟರಲ್ಲಿ ಡ್ರೈವರಿನ ಹೆಂಡತಿ ಬಂದರು. ಹೊಲಿಗೆ ಅಂಗಡಿಯಿಂದ ಎದ್ದವರು ಹಾಗೆಯೇ ಬಂದಿದ್ದರು, ಅಳತೆಯ ಟೇಪು ಇನ್ನೂ ಕತ್ತಿನಲ್ಲಿತ್ತು. ಒಳಗೆ ಹೋಗಿ ಗಂಡನನ್ನು ನೋಡಿಕೊಂಡು ಹೊರಗೆ ಬಂದು ಸೀದಾ ನನ್ನ ಪಕ್ಕದಲ್ಲಿ ಕೂತು ನನ್ನ ಎರಡೂ ಕೈ ಹಿಡಿದುಕೊಂಡರು. ಟೈಮ್ ಕೀಪರು ಎಲ್ಲ ಹೇಳಿದ್ದರಂತೆ. ಈ ಕಾಲದಲ್ಲಿ ಯಾರು ಯಾರಿಗಾಗಿ ಬೀದಿಯಲ್ಲಿ ಓಡುತ್ತಾರೆ, ನೀವು ನನ್ನ ಒಡಹುಟ್ಟಿದವಳಿಗಿಂತ ಹೆಚ್ಚು ಎಂದು ಅತ್ತರು. ಆ ಕೈಗಳು ಬೆಚ್ಚಗಿದ್ದವು. ಬೆರಳ ತುದಿಯಲ್ಲಿ ಸೂಜಿ ಚುಚ್ಚಿ ಒರಟಾದ ಚರ್ಮ ನನ್ನ ಅಂಗೈಗೆ ತಾಗುತ್ತಿತ್ತು.

ಕಣ್ಣೊರೆಸಿಕೊಂಡು ಆಕೆ ಹೋದ ಸಲದ ಕತೆ ಹೇಳಿದರು. ಆಸ್ಪತ್ರೆಯಿಂದ ಬಿಟ್ಟ ದಿನ ಮನೆಗೂ ಹೋಗದೆ ಗಂಡ ಹೆಂಡತಿ ಇಬ್ಬರೂ ಆ ಶಾಖೆಗೆ ಹೋಗಿ, ಇನ್ನು ಈ ಔಷಧಿ ಇವರಿಗೆ ಯಾರೂ ಕೊಡಕೂಡದೆಂದು ಬರೆಸಿ ಬಂದಿದ್ದರಂತೆ. ಎಲ್ಲಿಗೆ ಹೋದರೂ ನಂಬರ್ ಒತ್ತಿದರೆ ಸಾಕು, ಕಂಪ್ಯೂಟರೇ ಹೇಳುತ್ತದೆ ಎಂದು ಅಲ್ಲಿಯವರು ಧೈರ್ಯ ಕೊಟ್ಟಿದ್ದರಂತೆ. ಅದನ್ನೇ ನಂಬಿಕೊಂಡು ಇವರು ಈಗ ಯಾರ ಹತ್ತಿರವೂ ಬಾಯಿಬಿಟ್ಟು ಹೇಳುವುದಿಲ್ಲ ಎಂದರು. ಮಾತು ಅಲ್ಲಿಗೆ ನಿಲ್ಲಿಸಿ ಯೋಚಿಸಿದರು. ಅನುಮಾನವಲ್ಲ, ಅರ್ಥವಾಗದ್ದನ್ನು ಕೇಳುವ ಮುಖ.

"ಫೋನು ಅವರ ಜೇಬಲ್ಲೇ ಇತ್ತಲ್ಲ ಸಿಸ್ಟರ್. ಅಷ್ಟು ದೂರ ಓಡೋ ಬದ್ಲು ಒಂದು ಫೋನ್ ಮಾಡಿದ್ರೆ ಆಗ್ತಿರ್ಲಿಲ್ವಾ?"

ಸಿಸ್ಟಮ್ ನಿಧಾನ ಇತ್ತು ಎಂಬ ಮಾತು ನಾಲಗೆಯ ತುದಿಯಲ್ಲಿತ್ತು. ಹೇಳಿದ್ದರೆ ಆಕೆ ನಂಬುತ್ತಿದ್ದರು. ನಂಬುತ್ತಾರೆ ಎಂಬುದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

"ನಾನು ಅವರ ನಂಬರ್ ಕೇಳ್ಲೇ ಇಲ್ಲ ಅಮ್ಮ," ಎಂದೆ. "ಬೇಗ ಆಗ್ಲಿ ಅಂತ ನಂದೇ ಹಾಕ್ದೆ. ಅವರದ್ದು ಹಾಕಿದ್ದಿದ್ರೆ ಆಗ್ಲೇ ಗೊತ್ತಾಗ್ತಿತ್ತು. ಮಾತ್ರೆ ಕೊಡ್ತಾನೇ ಇರ್ಲಿಲ್ಲ."

ಆಕೆ ತಮ್ಮ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡರು. ಬೈಯಲಿಲ್ಲ. ಬೈಯಲಿ ಎಂದು ತಲೆತಗ್ಗಿಸಿ ಕಾದೆ. ಒಳಗಿನಿಂದ ಅವರ ಗಂಡ ಕೆಮ್ಮಿದ್ದು ಕೇಳಿಸಿತು. ಆಕೆ ಎದ್ದು ನಿಂತು ಸೆರಗು ಸರಿಮಾಡಿಕೊಂಡು, ಒಳಗೆ ಹೋಗುವ ಮೊದಲು ನನ್ನ ಕಡೆ ತಿರುಗಿದರು.

"ಈಗ ಬರ್ಕೊಳ್ಳಿ," ಎಂದರು.

ನಾನು ಪೆನ್ನು ತೆಗೆದೆ. ಬರೆಯಲು ಕಾಗದವಿರಲಿಲ್ಲ, ಅಂಗೈ ಚಾಚಿಕೊಂಡೆ. ಆಕೆ ಗಂಡನ ನಂಬರಿನ ಒಂದೊಂದೇ ಅಂಕಿಯನ್ನು, ಎಳೆ ಮಗುವಿಗೆ ಹೇಳಿಕೊಡುವಂತೆ, ಬಿಡಿಸಿ ಬಿಡಿಸಿ ಹೇಳಿದರು. ಸರಿಯಾಗಿ ಬಂತೇ ಎಂದು ನನ್ನಿಂದ ಮತ್ತೊಮ್ಮೆ ಓದಿಸಿಕೊಂಡರು. ಎಲ್ಲ ಸೇರಿ ಅರ್ಧ ನಿಮಿಷವೂ ಹಿಡಿಯಲಿಲ್ಲ.